ಹಿಮೋಗ್ಲೋಬಿನ್ ಸರಿ ಇದ್ದರೂ ಮೈಕೈ ನೋವು: ಕಣಜದ ಲೆಕ್ಕ ನೋಡಿಕೊಳ್ಳುವುದು ಹೇಗೆ

ನಾನು ತಿಪಟೂರಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. 19 ವರ್ಷವಾಯಿತು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಎರಡು ಮಿಷನ್ನು, ಒಂದು ಕಟಿಂಗ್ ಟೇಬಲ್. ಗಿರಾಕಿಗಳ ಅಳತೆ ಬರೆಯುವ ಉದ್ದನೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನನ್ನ ಮೈಯ ಲೆಕ್ಕ ಬರೆದಿಟ್ಟಿದ್ದೇನೆ. ಎಲ್ಲಿ ನೋವು, ಎಷ್ಟು ನೋವು, ಮುಟ್ಟು ಯಾವತ್ತು ಬಂತು, ಎಷ್ಟು ಪ್ಯಾಡ್ ಆಯಿತು, ಯಾವ ಮಾತ್ರೆ ತಗೊಂಡೆ. ಈ ಬರಹ ಆ ಹಾಳೆಗಳಿಂದ ಬಂದದ್ದು. ನಾನು ಡಾಕ್ಟರ್ ಅಲ್ಲ. ಆದರೆ ಮೈಕೈ ನೋವಿನ ಹಿಂದೆ ಕಬ್ಬಿಣದ ಕೊರತೆಯೂ ಇದೆ ಅಂತ ತಿಳಿಯಲು ನನಗೆ ಮೂರು ವರ್ಷ ಹಿಡಿದ ದಾರಿ ಇನ್ನೊಬ್ಬರಿಗೆ ಮೂರು ತಿಂಗಳಲ್ಲಿ ಮುಗಿಯಲಿ ಅಂತ ಬರೆಯುತ್ತಿದ್ದೇನೆ.

ನೋವು ಶುರುವಾದಾಗ ನನಗೆ 38 ವರ್ಷ. ಬೆಳಗ್ಗೆ ಎದ್ದರೆ ಮೀನಖಂಡಗಳನ್ನು ಯಾರೋ ರಾತ್ರಿಯೆಲ್ಲ ದೊಣ್ಣೆಯಲ್ಲಿ ಬಡಿದ ಹಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕತ್ತು, ಭುಜ. ಸಂಜೆಗೆ ತಲೆಯ ಎರಡೂ ಪಕ್ಕ ಬಿಗಿ. ರಾತ್ರಿ ಮಲಗಿದರೆ ಕಾಲನ್ನು ಒಂದು ಕಡೆ ಇಡಲಾಗುತ್ತಿರಲಿಲ್ಲ. ಒಳಗೆ ಏನೋ ಹರಿದಾಡಿದ ಹಾಗೆ. ಎದ್ದು ಹಜಾರದಲ್ಲಿ ನಾಲ್ಕು ಹೆಜ್ಜೆ ಓಡಾಡಿದರೆ ಸಮಾಧಾನ, ಮತ್ತೆ ಮಲಗಿದರೆ ಮತ್ತೆ ಅದೇ. ಯಾರಿಗೆ ಹೇಳಿದರೂ ಒಂದೇ ಉತ್ತರ: "ದಿನಾ ಮಿಷನ್ ತುಳಿದ್ರೆ ಕಾಲು ನೋಯ್ದೆ ಇರುತ್ತಾ?" ನಾನೂ ಹಾಗೇ ನಂಬಿದ್ದೆ.

ನಂಬಿಕೆ ಅಲುಗಿದ್ದು ಒಂದು ಆಷಾಢದಲ್ಲಿ. ಆಷಾಢ ಬಂದರೆ ಮದುವೆ ಇಲ್ಲ, ನಮ್ಮ ಕೆಲಸ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆ ಸಲ ಒಂದು ವಾರ ಮಿಷನ್ ಮುಚ್ಚಳವನ್ನೇ ತೆಗೆದಿರಲಿಲ್ಲ. ನೋವು ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಕೆಲಸದಿಂದ ಬಂದ ನೋವಾಗಿದ್ದರೆ ಕೆಲಸ ನಿಂತಾಗ ತಗ್ಗಬೇಕಿತ್ತು, ಅಲ್ವಾ?

ಅಷ್ಟರಲ್ಲಿ ನಾನು ಮೂವರು ಡಾಕ್ಟರ ಹತ್ತಿರ ಹೋಗಿ ಬಂದಿದ್ದೆ. ನೋವಿನ ಮಾತ್ರೆ, ಕ್ಯಾಲ್ಸಿಯಂ, ಹಚ್ಚಿಕೊಳ್ಳುವ ಮುಲಾಮು ಕೊಟ್ಟಿದ್ದರು. ರಕ್ತ ಪರೀಕ್ಷೆಯನ್ನೂ ಮಾಡಿಸಿದ್ದರು. ಹಿಮೋಗ್ಲೋಬಿನ್ 12.2. "ರಕ್ತ ಚೆನ್ನಾಗಿದೆಯಮ್ಮ, ಏನೂ ಇಲ್ಲ" ಎಂದಿದ್ದರು. ಗರ್ಭಿಣಿಯಲ್ಲದ ಹೆಂಗಸಿಗೆ 12 ಇದ್ದರೆ ರಕ್ತಹೀನತೆ ಇಲ್ಲ ಎಂದು ಲೆಕ್ಕ. ಹಾಗಾಗಿ ಅವರು ಹೇಳಿದ್ದು ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಿದ್ದು ತಪ್ಪಾಯಿತು.

ಕಣ್ಣು ತೆರೆಸಿದವರು ನನ್ನ ಗಿರಾಕಿ, ನಿವೃತ್ತ ನರ್ಸ್. ಅಳತೆ ಕೊಡಲು ಬಂದವರು ನನ್ನ ಕೈ ಹಿಡಿದು ಉಗುರು ನೋಡಿದರು. ಉಗುರು ಉಬ್ಬಿರಬೇಕಾದ ಕಡೆ ಚಪ್ಪಟೆಯಾಗಿತ್ತು.

"ಫೆರಿಟಿನ್ ನೋಡಿಸಿದ್ದೀಯೇನಮ್ಮಾ?"

"ಹಿಮೋಗ್ಲೋಬಿನ್ ನೋಡಿದ್ದಾರೆ ಸಿಸ್ಟರ್, ಸರಿ ಇದೆಯಂತೆ."

"ಅದು ತಟ್ಟೇಲಿರೋ ಮುದ್ದೆ ಕಣಮ್ಮ. ಫೆರಿಟಿನ್ ಅಂದ್ರೆ ಕಣಜದಲ್ಲಿರೋ ರಾಗಿ. ಕಣಜ ಬರಿದಾಗ್ತಾ ಇದ್ರೂ ಕೊನೇ ಸೇರು ಇರೋ ತನಕ ತಟ್ಟೆಗೆ ಮುದ್ದೆ ಬೀಳ್ತಾನೇ ಇರುತ್ತೆ. ತಟ್ಟೆ ನೋಡಿ ಕಣಜ ತುಂಬಿದೆ ಅಂದ್ಕೊಂಡ್ರೆ ಹೆಂಗೆ?"

ಮಾರನೇ ದಿನ ಲ್ಯಾಬಿಗೆ ಹೋದೆ. ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಎರಡು ದಿನದ ಮೇಲೆ ಚೀಟಿ ಬಂತು: ಫೆರಿಟಿನ್ 11. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಲೆಕ್ಕ ಅದು. ನನ್ನ ಕಣಜ ಬರಿದಾಗಿತ್ತು.

ಕಬ್ಬಿಣಕ್ಕೂ ನೋವಿಗೂ ಏನು ನಂಟು

ಕಬ್ಬಿಣಾಂಶ ಎಂದರೆ ನಮಗೆ ರಕ್ತ ಮಾತ್ರ ನೆನಪಾಗುತ್ತದೆ. ಆದರೆ ಸ್ನಾಯುಗಳಿಗೂ ಅದು ಬೇಕು. ಸ್ನಾಯುವಿನೊಳಗೆ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ವಸ್ತುವಿನಲ್ಲೂ ಕಬ್ಬಿಣವಿದೆ. ಜೀವಕೋಶ ಶಕ್ತಿ ತಯಾರಿಸುವ ಜಾಗದಲ್ಲೂ ಅದಿಲ್ಲದೆ ಕೆಲಸ ನಡೆಯದು. ಕಣಜ ಬರಿದಾದರೆ ಸ್ನಾಯು ಬೇಗ ದಣಿಯುತ್ತದೆ. ಮೊದಲು ಹತ್ತು ಬ್ಲೌಸಿಗೆ ಬರುತ್ತಿದ್ದ ದಣಿವು ಮೂರಕ್ಕೇ ಬರುತ್ತದೆ.

ಮಿದುಳಿಗೂ ಕಬ್ಬಿಣ ಬೇಕು. ಡೋಪಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳನ್ನು ತಯಾರಿಸಲು ಅದು ಬೇಕೇಬೇಕು. ನೋವಿಗೆ ಕಡಿವಾಣ ಹಾಕುವ ಕೆಲಸದಲ್ಲಿ ಇವೆರಡಕ್ಕೂ ಪಾಲಿದೆ. ಕಡಿವಾಣ ಸಡಿಲವಾದರೆ ಸಣ್ಣ ನೋವೂ ದೊಡ್ಡದಾಗಿ ಕಾಣುತ್ತದೆ.

ರಾತ್ರಿ ಕಾಲು ಸುಮ್ಮನಿರದ ಆ ತೊಂದರೆಗೆ ರೆಸ್ಟ್‌ಲೆಸ್ ಲೆಗ್ಸ್ ಎಂಬ ಹೆಸರಿದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಕಬ್ಬಿಣದ ಕೊರತೆಗೂ ಅದಕ್ಕೂ ಇರುವ ನಂಟು ಚೆನ್ನಾಗಿ ಗೊತ್ತಿರುವಂಥದ್ದು. ಇದೊಂದು ತೊಂದರೆ ಇದ್ದರೆ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೂ ಕಬ್ಬಿಣದ ಮಾತ್ರೆ ಕೊಟ್ಟು ನೋಡುತ್ತಾರೆ. ನಿದ್ದೆ ಕೆಟ್ಟರೆ ಮರುದಿನದ ನೋವು ಜಾಸ್ತಿ. ನೋವು ಜಾಸ್ತಿಯಾದರೆ ನಿದ್ದೆ ಇನ್ನೂ ಕಡಿಮೆ. ನನ್ನ ಪುಸ್ತಕದಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು: ರಾತ್ರಿ ಎರಡು ಸಲ ಎದ್ದಿದ್ದೆ ಎಂದು ಬರೆದ ಮಾರನೇ ದಿನವೆಲ್ಲ ಭುಜದ ಸಾಲಿನಲ್ಲಿ 7, 8.

ಒಂದು ಮಾತು ಇಲ್ಲೇ ಹೇಳಬೇಕು. ಎಲ್ಲ ನೋವೂ ಕಬ್ಬಿಣದಿಂದ ಬರುವುದಿಲ್ಲ. ಮೈತುಂಬ ನೋವಿರುವ ಫೈಬ್ರೊಮಯಾಲ್ಜಿಯಾ ಇದ್ದವರಲ್ಲಿ ಫೆರಿಟಿನ್ ಕಡಿಮೆ ಇರುವುದನ್ನು ಕೆಲವು ಅಧ್ಯಯನಗಳು ಕಂಡಿವೆ. ಆದರೆ ಕಬ್ಬಿಣ ಕೊಟ್ಟರೆ ಆ ಕಾಯಿಲೆ ವಾಸಿಯಾಗುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ. ಕೊರತೆ ಇದ್ದರೆ ತುಂಬಿಕೊಳ್ಳಬೇಕು, ಅದರಿಂದ ನೋವು ಎಷ್ಟು ಇಳಿಯುತ್ತದೆ ನೋಡಬೇಕು. ಉಳಿದ ನೋವಿಗೆ ಬೇರೆ ಕಾರಣ ಹುಡುಕಬೇಕು.

ಮೊದಲು ಒಂದು ತಿಂಗಳು ಬರೆಯಿರಿ

ಡಾಕ್ಟರ ಮುಂದೆ ಕುಳಿತಾಗ ನಮಗೆ ಎರಡು ನಿಮಿಷ ಸಿಗುತ್ತದೆ. ಆ ಎರಡು ನಿಮಿಷದಲ್ಲಿ "ಮೈಯೆಲ್ಲಾ ನೋವು ಸಾರ್" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಬರೆದ ಹಾಳೆ ತೋರಿಸಿದರೆ ತಿಳಿಯುತ್ತದೆ. ದಿನಕ್ಕೆ ಒಂದು ಸಾಲು ಸಾಕು. ಯಾವ ಜಾಗ, ಹತ್ತಕ್ಕೆ ಎಷ್ಟು, ರಾತ್ರಿ ಎಷ್ಟು ಸಲ ಎದ್ದಿರಿ, ಯಾವ ಮಾತ್ರೆ ತಿಂದಿರಿ.

ಮುಟ್ಟಿನ ದಿನಗಳ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಬಿತ್ತೇ. ನಮ್ಮಲ್ಲಿ ಎಷ್ಟೋ ಜನಕ್ಕೆ ತಮಗೆ ಹೋಗುತ್ತಿರುವುದು ಜಾಸ್ತಿ ಅಂತಲೇ ಗೊತ್ತಿರುವುದಿಲ್ಲ. ಅಮ್ಮನಿಗೂ ಹಾಗೇ, ಅಕ್ಕನಿಗೂ ಹಾಗೇ, ಆದ್ದರಿಂದ ಎಲ್ಲರಿಗೂ ಹೀಗೇ ಅಂದುಕೊಳ್ಳುತ್ತೇವೆ. ನಾನೂ ಅಂದುಕೊಂಡಿದ್ದೆ. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕಾದರೆ, ರಾತ್ರಿ ಅದಕ್ಕಾಗಿಯೇ ಏಳಬೇಕಾದರೆ, ಏಳು ದಿನಕ್ಕಿಂತ ಜಾಸ್ತಿ ಹೋದರೆ, ದೊಡ್ಡ ಗಡ್ಡೆಗಳು ಬಿದ್ದರೆ ಅದು ಜಾಸ್ತಿಯೇ.

ಹೊಲಿಗೆಯವಳ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ಹೋದರೆ ಅತಿಸ್ರಾವ ಎನ್ನುತ್ತಾರೆ. ಅಂದರೆ 40 ಮಿಲಿಗ್ರಾಂ ಹೋಯಿತು. ಸಾಮಾನ್ಯವಾಗಿ ಮೈ ಊಟದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೋ ಎರಡೋ ಮಿಲಿಗ್ರಾಂ. ಅದರಲ್ಲೇ ಮಿಕ್ಕ ಖರ್ಚೂ ನಡೆಯಬೇಕು. ಪ್ರತಿ ತಿಂಗಳೂ ಹೀಗಾದರೆ ಕಣಜ ಎಲ್ಲಿಂದ ತುಂಬಬೇಕು?

ಇನ್ನೂ ಕೆಲವು ಗುರುತುಗಳನ್ನು ಬರೆದಿಡಿ. ತುಟಿಯ ಮೂಲೆ ಒಡೆಯುವುದು, ನಾಲಿಗೆ ಉರಿ, ಕೂದಲು ಉದುರುವುದು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಬಳಪ, ಹಸಿ ಅಕ್ಕಿ, ಮಣ್ಣು, ಐಸ್ ತಿನ್ನಬೇಕೆನ್ನುವ ಆಸೆ. ನಾನು ದಿನಾ ಅಕ್ಕಿ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅತ್ತೆ ಬೈಯುತ್ತಿದ್ದರು, "ಮದುವೇಲಿ ಮಳೆ ಬರುತ್ತೆ" ಅಂತ ಚಿಕ್ಕವಳಾಗಿದ್ದಾಗ ಅಮ್ಮನೂ ಬೈದಿದ್ದರು. ಅದು ಚಟವಲ್ಲ, ಕಬ್ಬಿಣದ ಕೊರತೆಯ ಗುರುತಾಗಿರಬಹುದು ಅಂತ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಹೀಗೆ ತಿನ್ನುತ್ತಿದ್ದರೆ ದಯವಿಟ್ಟು ಬೈಯಬೇಡಿ, ಪರೀಕ್ಷೆ ಮಾಡಿಸಿ.

ಯಾವ ಪರೀಕ್ಷೆ, ಚೀಟಿ ಓದುವುದು ಹೇಗೆ

ಡಾಕ್ಟರಿಗೆ ಹೀಗೆ ಕೇಳಿ: "ಹಿಮೋಗ್ಲೋಬಿನ್ ಜೊತೆ ಫೆರಿಟಿನ್ನೂ ನೋಡೋಣವಾ? ಮುಟ್ಟು ಜಾಸ್ತಿ ಹೋಗುತ್ತೆ, ಮೈಕೈ ನೋವಿದೆ." ಇಷ್ಟು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸಿಬಿಸಿ (ರಕ್ತಕಣಗಳ ಎಣಿಕೆ, ಹಿಮೋಗ್ಲೋಬಿನ್ನೂ ಇದರಲ್ಲೇ ಬರುತ್ತದೆ), ಫೆರಿಟಿನ್, ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯೇ ಅಂತ ತೋರಿಸುವುದು), ಈ ಮೂರು ಒಟ್ಟಿಗೆ ಆದರೆ ಒಳ್ಳೆಯದು. ದುಡ್ಡಿದ್ದರೆ ಥೈರಾಯ್ಡ್, ಬಿ12, ವಿಟಮಿನ್ ಡಿ ಕೂಡ. ಬಿ12 ಕಡಿಮೆಯಾದರೆ ಕೈಕಾಲು ಜೋಮು, ಡಿ ಕಡಿಮೆಯಾದರೆ ಮೂಳೆ, ಸ್ನಾಯು ನೋವು. ಇವೆಲ್ಲ ಒಬ್ಬರಲ್ಲೇ ಒಟ್ಟಿಗೆ ಇರುವುದೂ ಉಂಟು. ನನಗೆ ಕಬ್ಬಿಣದ ಜೊತೆ ಡಿ ಕೂಡ ಕಡಿಮೆ ಇತ್ತು.

ಚೀಟಿ ಕೈಗೆ ಬಂದಾಗ ಗಡಿ ದಾಟಿದ್ದನ್ನು ತೋರಿಸುವ ದಪ್ಪ ಅಕ್ಷರವನ್ನಷ್ಟೇ ಹುಡುಕಬೇಡಿ. ನನ್ನ 11 ದಪ್ಪ ಅಕ್ಷರದಲ್ಲಿ ಇರಲಿಲ್ಲ. ಯಾಕೆಂದರೆ ಆ ಲ್ಯಾಬಿನ ಚೀಟಿಯಲ್ಲಿ ಕೆಳಗಿನ ಗಡಿ 10 ಅಂತ ಅಚ್ಚಾಗಿತ್ತು. ಒಂದೊಂದು ಲ್ಯಾಬಿನ ಗಡಿ ಒಂದೊಂದು ಥರ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಆರೋಗ್ಯವಾಗಿರುವ ದೊಡ್ಡವರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ಕೊರತೆ. ಸೋಂಕೋ ಉರಿಯೂತವೋ ಇದ್ದವರಲ್ಲಿ 70ಕ್ಕಿಂತ ಕಡಿಮೆ ಇದ್ದರೂ ಕೊರತೆ ಎಂದೇ ಎಣಿಸಬಹುದು. ತೊಂದರೆಗಳಿರುವ ಹೆಂಗಸರಲ್ಲಿ 30ಕ್ಕಿಂತ ಕೆಳಗಿದ್ದರೆ ಬಹಳ ಡಾಕ್ಟರುಗಳು ಚಿಕಿತ್ಸೆ ಶುರು ಮಾಡುತ್ತಾರೆ.

ಉರಿಯೂತದ ಮಾತು ಯಾಕೆ ಬಂತೆಂದರೆ, ಮೈಯಲ್ಲಿ ಸೋಂಕು ಅಥವಾ ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಕಣಜ ಬರಿದಾಗಿದ್ದರೂ ಚೀಟಿಯಲ್ಲಿ ತುಂಬಿದ ಹಾಗೆ ಕಾಣುತ್ತದೆ. ಜ್ವರ, ನೆಗಡಿ ಇದ್ದ ವಾರ ಈ ಪರೀಕ್ಷೆ ಮಾಡಿಸಬೇಡಿ. ಸಂಧಿವಾತ ಇರುವವರಿಗೆ ಫೆರಿಟಿನ್ ಒಂದೇ ಸಾಲದು, ರಕ್ತದಲ್ಲಿ ಕಬ್ಬಿಣ ಹೊರುವ ವಸ್ತು ಎಷ್ಟು ತುಂಬಿದೆ ಅಂತ ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬುದನ್ನೂ ನೋಡುತ್ತಾರೆ. ಅದು 20%ಗಿಂತ ಕಡಿಮೆ ಇದ್ದರೆ ಕೊರತೆ ಇರಬಹುದು.

ಇನ್ನೊಂದು. ಹಿಮೋಗ್ಲೋಬಿನ್ ಕಡಿಮೆ ಇದ್ದವರೆಲ್ಲರಿಗೂ ಕಬ್ಬಿಣದ ಕೊರತೆಯೇ ಇರಬೇಕೆಂದಿಲ್ಲ. ಹುಟ್ಟಿನಿಂದಲೇ ಬರುವ ಥಲಸ್ಸೀಮಿಯಾ ಮೈನರ್ ಎಂಬ ರಕ್ತದ ತೊಂದರೆ ಇದ್ದರೂ ಹಿಮೋಗ್ಲೋಬಿನ್ ಕಡಿಮೆ, ರಕ್ತಕಣ ಚಿಕ್ಕದು. ಅವರ ಫೆರಿಟಿನ್ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಅಂಥವರು ವರ್ಷಗಟ್ಟಲೆ ಸುಮ್ನೆ ಕಬ್ಬಿಣ ನುಂಗಿದರೆ ಉಪಯೋಗವಿಲ್ಲ. ಪರೀಕ್ಷೆ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ ಎನ್ನುವುದು ಇದಕ್ಕೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ. ದೇಶದಲ್ಲಿ 57. ಇದು ಹಿಮೋಗ್ಲೋಬಿನ್ ಮಾತ್ರ ನೋಡಿದ ಲೆಕ್ಕ. ನನ್ನಂಥವರು, ತಟ್ಟೆಯಲ್ಲಿ ಮುದ್ದೆ ಇದ್ದು ಕಣಜ ಬರಿದಾದವರು, ಇದರಲ್ಲಿ ಬರುವುದೇ ಇಲ್ಲ. ಈ ಸಾಲು ಬರೆಯುವಾಗಲೆಲ್ಲ ನನಗೆ ಬೇಸರವಾಗುತ್ತದೆ.

ಸೋರುವ ಕಡೆ ಹುಡುಕಿ

ಚೀಲ ತೂತಾಗಿದ್ದರೆ ಎಷ್ಟು ರಾಗಿ ಸುರಿದರೂ ನಿಲ್ಲುವುದಿಲ್ಲ. ಮಾತ್ರೆ ಬರೆಸಿಕೊಂಡು ಬರುವುದರ ಜೊತೆಗೆ "ಕಬ್ಬಿಣ ಎಲ್ಲಿ ಹೋಗುತ್ತಿದೆ?" ಅಂತ ಕೇಳಿ.

ನನಗೆ ಸ್ಕ್ಯಾನಿಂಗ್ ಮಾಡಿಸಿದರು. ಗರ್ಭಕೋಶದಲ್ಲಿ ಎರಡು ಫೈಬ್ರಾಯ್ಡ್ ಗಡ್ಡೆಗಳಿದ್ದವು. ಸೊಂಟದ ನೋವಿಗೂ ಅದೇ ಕಾರಣ, ರಕ್ತ ಜಾಸ್ತಿ ಹೋಗುವುದಕ್ಕೂ ಅದೇ ಕಾರಣ. ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲೋ ಬೆಳೆಯುವ ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಗೋಡೆಯೊಳಗೇ ಬೆಳೆಯುವ ಅಡಿನೋಮಯೋಸಿಸ್ ಕೂಡ ಹೀಗೇ, ನೋವು ಮತ್ತು ರಕ್ತಸ್ರಾವ ಎರಡನ್ನೂ ಒಟ್ಟಿಗೆ ತರಬಲ್ಲವು. ಹಾಗಾಗಿ "ಕಬ್ಬಿಣ ಕಡಿಮೆ, ಅದಕ್ಕೇ ನೋವು" ಎಂದು ಅಲ್ಲಿಗೇ ಮುಗಿಸಬಾರದು. ಎರಡಕ್ಕೂ ಬೇರು ಒಂದೇ ಇರಬಹುದು. ಥೈರಾಯ್ಡ್ ಕಡಿಮೆಯಾದರೂ ಮುಟ್ಟು ಜಾಸ್ತಿಯಾಗುತ್ತದೆ, ಮೈ ನೋಯುತ್ತದೆ.

ನನ್ನ ಎರಡನೇ ತೂತು ನೋವಿನ ಮಾತ್ರೆ. ಮದುವೆ ಕಾಲದಲ್ಲಿ ದಿನಕ್ಕೆ ಎರಡು ಡೈಕ್ಲೊಫಿನಾಕ್ ನುಂಗುತ್ತಿದ್ದೆ, ಎಷ್ಟೋ ಸಲ ಬರೀ ಕಾಫಿಯ ಮೇಲೆ. ಡೈಕ್ಲೊಫಿನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವು ಹೊಟ್ಟೆಯ ಒಳಪದರ ಕೆರೆದು, ಕಣ್ಣಿಗೆ ಕಾಣದ ಹಾಗೆ ರಕ್ತ ಒಸರುವಂತೆ ಮಾಡಬಹುದು. ನೋವಿಗೆಂದು ಮಾತ್ರೆ, ಮಾತ್ರೆಯಿಂದ ರಕ್ತ ನಷ್ಟ, ರಕ್ತ ನಷ್ಟದಿಂದ ಮತ್ತೆ ನೋವು. ಹೊಟ್ಟೆಗೆ ರಕ್ಷಣೆ ಅಂತ ಜೊತೆಗೆ ಕೊಡುವ ಪ್ಯಾಂಟೊಪ್ರಜೋಲ್ ಥರದ ಮಾತ್ರೆ ಬಹಳ ಕಾಲ ತಗೊಂಡರೆ ಹೊಟ್ಟೆಯ ಹುಳಿ ಕಡಿಮೆಯಾಗಿ ಕಬ್ಬಿಣ ಹತ್ತುವುದೂ ಕಡಿಮೆಯಾಗುತ್ತದೆ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಆದರೆ ಎಷ್ಟು ದಿನದಿಂದ, ದಿನಕ್ಕೆ ಎಷ್ಟು ನುಂಗುತ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ. ನಾನು ಹೇಳಿರಲಿಲ್ಲ. ಮುಟ್ಟಿನ ಎರಡು ಮೂರು ದಿನಕ್ಕೆ ಡಾಕ್ಟರ್ ಬರೆದುಕೊಡುವ ಮೆಫೆನಾಮಿಕ್ ಆಸಿಡ್ ಬೇರೆ ವಿಷಯ. ಅದು ನೋವಿನ ಜೊತೆ ಸ್ರಾವವನ್ನೂ ಸ್ವಲ್ಪ ತಗ್ಗಿಸುತ್ತದೆ.

ಮುಟ್ಟು ನಿಂತ ಮೇಲೆ ಕಬ್ಬಿಣದ ಕೊರತೆ ಕಂಡರೆ ಅದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು. ಹೊಟ್ಟೆ, ಕರುಳಿನಲ್ಲಿ ಎಲ್ಲೋ ಸೋರುತ್ತಿರಬಹುದು. ಎಂಡೋಸ್ಕೋಪಿ ಮಾಡಬೇಕು ಎಂದರೆ ಹಿಂಜರಿಯಬೇಡಿ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಕಬ್ಬಿಣದ ಮಾತ್ರೆ ತಿನ್ನದೇ ಇದ್ದಾಗ ಮಲ ಟಾರಿನ ಹಾಗೆ ಕಪ್ಪಗೆ ಬಂದರೆ, ಕೀಲು ಊದಿ ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದರೆ, ನೋವಿನ ಜೊತೆ ಜ್ವರ ಬಂದರೆ, ತೂಕ ಇಳಿದರೆ ಕಾಯಬೇಡಿ. ಎದೆ ನೋವು, ಕೂತಲ್ಲೇ ಉಸಿರಾಟದ ಕಷ್ಟ ಬಂದರೆ ಆಗಲೇ ಆಸ್ಪತ್ರೆಗೆ ಹೋಗಿ.

ಮಾತ್ರೆ ನುಂಗುವ ಬಗೆ

ನನಗೆ 100 ಮಿಲಿಗ್ರಾಂ ಕಬ್ಬಿಣ ಇರುವ ಫೆರಸ್ ಆಸ್ಕಾರ್ಬೇಟ್ ಬರೆದರು, ದಿನಕ್ಕೊಂದು. ಹತ್ತು ದಿನಕ್ಕೆ ಹೊಟ್ಟೆ ಕಟ್ಟಿಕೊಂಡಿತು, ಬಾಯಲ್ಲಿ ತುಕ್ಕಿನ ರುಚಿ. ಬಹಳ ಜನ ಇಲ್ಲೇ ಕೈಬಿಡುತ್ತಾರೆ. ನಾನು ಕೈಬಿಡದೆ ಹೋಗಿ ಕೇಳಿದೆ. ಡಾಕ್ಟರು ದಿನ ಬಿಟ್ಟು ದಿನಕ್ಕೆ ಬದಲಾಯಿಸಿದರು. ಸ್ವಿಟ್ಜರ್ಲೆಂಡಿನ ಸಂಶೋಧಕರು 2015ರಲ್ಲಿ, ಮತ್ತೆ 2017ರಲ್ಲಿ, ಕಬ್ಬಿಣ ಕಡಿಮೆ ಇದ್ದ ಹೆಂಗಸರ ಮೇಲೆ ಅಧ್ಯಯನ ಮಾಡಿ ಇದನ್ನು ತೋರಿಸಿದ್ದಾರೆ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಸುಮಾರು ಒಂದು ದಿನ ಏರಿರುತ್ತದೆ. ಅದು ಕರುಳಿನ ಬಾಗಿಲು ಮುಚ್ಚುತ್ತದೆ. ಮಾರನೇ ದಿನದ ಮಾತ್ರೆ ಅಷ್ಟಾಗಿ ಒಳಗೆ ಹೋಗುವುದಿಲ್ಲ. ದಿನ ಬಿಟ್ಟು ನುಂಗಿದರೆ ಪ್ರತಿ ಮಾತ್ರೆಯಿಂದ ಜಾಸ್ತಿ ಹತ್ತುತ್ತದೆ, ಹೊಟ್ಟೆಗೂ ಸುಖ. ಗರ್ಭಿಣಿಯರು ಮಾತ್ರ ಡಾಕ್ಟರ್ ಹೇಳಿದ್ದನ್ನೇ ಮಾಡಬೇಕು, ತಾವಾಗಿ ದಿನ ಬಿಡಬಾರದು.

ಬೆಳಗ್ಗೆ ಎದ್ದು ಮುಖ ತೊಳೆದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ನುಂಗುತ್ತಿದ್ದೆ. ಹೊಟ್ಟೆ ತೊಳಸಿದರೆ ಸ್ವಲ್ಪ ತಿಂಡಿ ತಿಂದು ನುಂಗಬಹುದು. ಹಾಲು, ಕಾಫಿ, ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ರಾತ್ರಿಗೆ ಇಟ್ಟುಕೊಳ್ಳಿ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಅದಕ್ಕೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಬಿಡಬೇಕು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಇದನ್ನು ಒತ್ತಿ ಹೇಳುತ್ತೇನೆ: ಚಾಕಲೇಟಿನ ಹಾಗೆ ಕಾಣುವ ಈ ಮಾತ್ರೆಗಳನ್ನು ಚಿಕ್ಕ ಮಗು ಒಂದಷ್ಟು ನುಂಗಿದರೆ ಜೀವಕ್ಕೇ ಅಪಾಯ.

ದುಡ್ಡಿನ ಚಿಂತೆ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುವ ಕೆಂಪು ಮಾತ್ರೆ ಉಚಿತ. ಹದಿಹರೆಯದ ಮಕ್ಕಳಿಗೆ ನೀಲಿ ಬಣ್ಣದ್ದು. ಆದರೆ ವಾರಕ್ಕೊಂದು ಕೊಡುವುದು ಕೊರತೆ ಬಾರದಿರಲಿ ಅಂತ. ಕಣಜ ಆಗಲೇ ಬರಿದಾಗಿದ್ದರೆ ಅಷ್ಟು ಸಾಲದು.

ಮಾತ್ರೆ ಹತ್ತದವರಿಗೆ, ತೀರಾ ಕಡಿಮೆ ಇದ್ದವರಿಗೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುತ್ತಾರೆ. ಆಸ್ಪತ್ರೆಯಲ್ಲೇ ಆಗಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬುದನ್ನು ಕೊಟ್ಟ ಮೇಲೆ ಕೆಲವರಲ್ಲಿ ರಕ್ತದ ಫಾಸ್ಫೇಟ್ ಇಳಿದು ಮೂಳೆ ನೋವು, ಸುಸ್ತು ಬರುವುದುಂಟು. ಡ್ರಿಪ್ ಆದ ಒಂದೆರಡು ವಾರದಲ್ಲಿ ನೋವು ಕಡಿಮೆಯಾಗುವ ಬದಲು ಜಾಸ್ತಿಯಾದರೆ ಫಾಸ್ಫೇಟ್ ಪರೀಕ್ಷೆ ಬಗ್ಗೆ ಕೇಳಿ.

ಊಟ, ಮತ್ತು ಕಾಫಿ

ಊಟ ಒಂದರಿಂದಲೇ ಬರಿದಾದ ಕಣಜ ತುಂಬುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ನಮಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19 ಸಾಕು. ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರು ಅಂತ ನಿಮಗೇ ಗೊತ್ತು.

ನಮ್ಮ ಕಡೆಯ ಅಡುಗೆಯಲ್ಲಿ ಒಳ್ಳೆಯದು ಬಹಳ ಇದೆ. ಹುರುಳಿಕಾಳನ್ನು ಮೊಳಕೆ ಕಟ್ಟಿ ಬಸ್ಸಾರು, ನುಗ್ಗೆ ಸೊಪ್ಪಿನ ಪಲ್ಯ, ಹುಚ್ಚೆಳ್ಳು ಚಟ್ನಿಪುಡಿ, ಎಳ್ಳು. ರಾಗಿಯಲ್ಲಿ 100 ಗ್ರಾಂಗೆ ನಾಲ್ಕೈದು ಮಿಲಿಗ್ರಾಂ ಕಬ್ಬಿಣ ಇದೆ, ಆದರೆ ಅದರಲ್ಲಿರುವ ಫೈಟೇಟ್ ಅದನ್ನು ಹಿಡಿದುಕೊಂಡಿರುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಹಿಡಿತ ಸಡಿಲವಾಗುತ್ತದೆ. ಎಲ್ಲದರ ಮೇಲೂ ನಿಂಬೆಹಣ್ಣು ಹಿಂಡಿ, ಊಟದ ಜೊತೆ ಒಂದು ಸೀಬೆಹಣ್ಣು ತಿನ್ನಿ. ಮಾಂಸ ತಿನ್ನುವವರಿಗೆ ಕುರಿಯ ಲಿವರ್, ಮಾಂಸ, ಮೀನಿನ ಕಬ್ಬಿಣ ಸುಲಭವಾಗಿ ಹತ್ತುತ್ತದೆ. ಬಸುರಿಯರಿಗೆ ಲಿವರ್ ಬೇಡ. ಹುಣಸೆಹುಳಿ ಹಾಕಿದ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯಿಂದಲೂ ಸ್ವಲ್ಪ ಸೇರುತ್ತದೆ. ಬೀಟ್‌ರೂಟ್ ಕೆಂಪಗಿದೆ ಅಂತ ಅದರಿಂದ ರಕ್ತ ತುಂಬುವುದಿಲ್ಲ, 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ.

ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ. ಹೊತ್ತು ಬದಲಾಯಿಸಿ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಕಬ್ಬಿಣಕ್ಕೆ ಅಡ್ಡ ಬರುವುದಿಲ್ಲ, ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೂ ಅಡ್ಡ ಬರುತ್ತದೆ ಅಂತ 1980ರ ದಶಕದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಟೀ ಇನ್ನೂ ಜಾಸ್ತಿ ಅಡ್ಡ. ನಾನು ತಿಂಡಿಯಾದ ಮೇಲಿನ ಲೋಟವನ್ನು ಬಿಟ್ಟು ಹನ್ನೊಂದೂವರೆಗೆ, ಊಟಕ್ಕೆ ಸಾಕಷ್ಟು ಮುಂಚೆ ಇಟ್ಟುಕೊಂಡೆ. ಮಾತ್ರೆಯ ದಿನ ಬೆಳಗಿನ ಕಾಫಿಯೂ ಇಲ್ಲ. ಮೊದಲ ವಾರ ತಲೆನೋವು ಬಂತು, ಆಮೇಲೆ ಒಗ್ಗಿತು.

ಎಷ್ಟು ಕಾಲ ಕಾಯಬೇಕು

ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ ತಿಂಗಳಲ್ಲಿ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆ ಹತ್ತುತ್ತಿಲ್ಲ, ಅಥವಾ ಎಲ್ಲೋ ಇನ್ನೂ ಸೋರುತ್ತಿದೆ, ಅಥವಾ ಕಾರಣ ಬೇರೆ. ಹಿಮೋಗ್ಲೋಬಿನ್ ಸರಿಯಾದ ಕೂಡಲೇ ಮಾತ್ರೆ ನಿಲ್ಲಿಸಬಾರದು. ಆಗ ತುಂಬಿರುವುದು ತಟ್ಟೆ ಮಾತ್ರ. ಕಣಜಕ್ಕೆ ಇನ್ನೂ ಮೂರು ತಿಂಗಳಾದರೂ ಬೇಕು.

ನನ್ನ ಪುಸ್ತಕ ಹೀಗೆ ಹೇಳುತ್ತದೆ. ಮೂರನೇ ವಾರಕ್ಕೆ ಹಸಿ ಅಕ್ಕಿಯ ಆಸೆ ಹೋಯಿತು. ಆರನೇ ವಾರದಲ್ಲಿ ಮೊದಲ ಸಲ "ರಾತ್ರಿ ಏಳಲಿಲ್ಲ" ಅಂತ ಬರೆದಿದ್ದೇನೆ. ಮೂರು ತಿಂಗಳಿಗೆ ಫೆರಿಟಿನ್ 26. ಮೀನಖಂಡದ ನೋವು 8ರಿಂದ 4ಕ್ಕೆ ಬಂದಿತ್ತು, ತಲೆನೋವು ವಾರಕ್ಕೆ ನಾಲ್ಕು ಇದ್ದದ್ದು ಒಂದಾಗಿತ್ತು. ಆ ನಡುವೆ ಮುಟ್ಟಿನ ದಿನಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರು, ಪ್ಯಾಡ್ ಲೆಕ್ಕ 31ರಿಂದ 17ಕ್ಕೆ ಇಳಿಯಿತು. ಅದು ಎಲ್ಲರಿಗೂ ಹೊಂದುವ ಮಾತ್ರೆಯಲ್ಲ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಕೊಡುವುದಿಲ್ಲ. ಎಂಟು ತಿಂಗಳಿಗೆ ಫೆರಿಟಿನ್ 52. ಆಗ ಮೀನಖಂಡದ ಸಾಲಿನಲ್ಲಿ 1, 2, ಕೆಲವು ದಿನ ಖಾಲಿ.

ಮಗಳಿಗೂ ಪರೀಕ್ಷೆ ಮಾಡಿಸಿದೆ. ಪಿಯುಸಿ ಓದುತ್ತಿದ್ದಳು, ಬೆಳಗ್ಗೆ ಏಳಲು ಸೋಮಾರಿತನ ಅಂತ ನಾನೇ ಬೈಯುತ್ತಿದ್ದೆ. ಅವಳ ಫೆರಿಟಿನ್ 8 ಇತ್ತು. ಈಗ ಅವಳ ಹೆಸರಿನಲ್ಲೂ ಆ ಪುಸ್ತಕದಲ್ಲಿ ಒಂದು ಹಾಳೆ ಇದೆ.

ಬಲ ಭುಜದ ನೋವು ಮಾತ್ರ ಹೋಗಲಿಲ್ಲ. ಅದು ಕತ್ತರಿ ಹಿಡಿಯುವ ಕೈ. ಫಿಸಿಯೋಥೆರಪಿ ಮಾಡುವವರು ಬಂದು ನೋಡಿ, ಟೇಬಲ್ ತಗ್ಗಾಗಿದೆ, ನೀವು ಬಗ್ಗಿ ಕತ್ತರಿಸುತ್ತಿದ್ದೀರಿ ಎಂದರು. ನಾಲ್ಕೂ ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟಿದ್ದೇವೆ. ಹೋದ ವಾರದ ಸಾಲಿನಲ್ಲಿ ಬಲ ಭುಜ 5.